ಕದಿರಮ್ಮನ ಪೆನ್ಷನ್

ಕೊಡಮ್ಮ ಇತ್ಲಾಗೆ ಆ ಕಾಗದ! ರಾಗಿಹಿಟ್ಟಿನ ಡಬ್ಬಕ್ಕೆ ಕೈ ಹಾಕು ಅಂದೋರ್ಯಾರು ನಿಂಗೆ? ಆಸ್ಪತ್ರೆ ಡ್ಯೂಟಿ ಮುಗಿಸ್ಕೊಂಡು ಬಂದಿದೀಯ, ಕೈಕಾಲು ತೊಳ್ಕೊಂಡು ಕೂತ್ಕೋ, ಮುದ್ದೆ ಹಾಕ್ಕೊಡ್ತೀನಿ... ಕೊಡು ಅಂದ್ನಲ್ಲ ಭಾನು! ಏನೂ ಇಲ್ಲ ಕಣೇ ಅದ್ರಲ್ಲಿ. ತಂದೋನೇ ಓದಿ ಹೇಳ್ದ. ನನ್ ವಿಧವಾ ಪೆನ್ಷನ್ ನಿಲ್ಲಿಸ್ತಾರಂತೆ, ಅಷ್ಟೇ. ಮಗಳು ದೊಡ್ಡೋಳಾದ್ಲು, ನರ್ಸ್ ಕೆಲಸಕ್ಕೆ ಸೇರ್ಕೊಂಡ್ಲು, ಇನ್ಯಾಕೆ ದುಡ್ಡು ಅಂತ. ನಿಲ್ಲಿಸ್ಕೊಳ್ಲಿ! ಯಾರಿಗೆ ಬೇಕು ಅವರ ಭಿಕ್ಷೆ!

ಯಾಕೆ ನಗ್ತೀಯ? ಕೋರ್ಟಿಂದ ಯಾಕೆ ಬಂತು ಅಂತಾನಾ? ಬರ್ತದಮ್ಮ, ಈಗೆಲ್ಲಾ ಅಲ್ಲಿಂದ್ಲೇ ಬರೋದು. ಓದಿರೋಳು ನೀನು, ಒಪ್ಕೊಂಡೆ. ಆದ್ರೆ ಪೋಸ್ಟ್‌ಮನ್ ಎರ್ರಪ್ಪ ತಿಂಗಳಿಗೊಂದ್ಸಲ ಮನಿಯಾರ್ಡರ್ ತಂದಾಗ ಹೆಬ್ಬೆಟ್ಟು ಒತ್ತಿದ್ದು ಯಾರು? ನೀನಾ, ನಾನಾ? ಗುರುವಾರ ಬರ್ಬೇಕಂತೆ, ಚಿಂತಾಮಣಿ ಕೋರ್ಟಿಗೆ ನಾನೊಬ್ಳೇ ಹೋಗ್ತೀನಿ. ಇನ್ನೊಂದು ಹೆಬ್ಬೆಟ್ಟು ಒತ್ತಿ, ಸಾಕು ಸ್ವಾಮಿ, ನಿಮ್ ದುಡ್ಡು ಬೇಡ ಅಂದು ಬಂದ್ಬಿಡ್ತೀನಿ. ನೀನು ರಜ ಗಿಜ ಹಾಕ್ಬೇಡ. ನೀನು ಬರೋದೇ ಬೇಡ.

ಅದ್ಯಾಕೆ ಅಲ್ಲಿ ಬೆರಳಿಟ್ಟಿದೀಯ? ಏನಿದೆ ಅಲ್ಲಿ... ವೆಂಕಟರಾಯಪ್ಪ ಅಂತಾನಾ? ಅಯ್ಯೋ ದೇವುಡಾ, ಪೆನ್ಷನ್ ನಿಮ್ಮಪ್ಪನ ಹೆಸರಿಂದಾನೇ ಅಲ್ವೇನೇ ಬರೋದು! ಅದ್ರಲ್ಲೇನು ಅತಿಶಯ... ಏನು? ಅರ್ಜಿ ಹಾಕಿರೋರ ಹೆಸರಾ ಅದು?

ಹೂಂ.

ಗೊತ್ತು ಕಣಮ್ಮ, ಸತ್ತೋರು ಅರ್ಜಿ ಹಾಕಲ್ಲ. ಹಂಗೆ ನೋಡ್ಬೇಡ ಭಾನು. ಬೈಯಿ. ಕೂಗಾಡು... ಬೇಡ ಬೇಡ, ಮೆಲ್ಲಗೆ. ಗೋಡೆಯಾಚೆ ಓನರ್ ಮುನಿಶಾಮಮ್ಮ ಅವ್ಳೆ.

ಬದುಕವ್ನೆ. ಚಿಂತಾಮಣೀಲೇ ಅವ್ನೆ ನಿಮ್ಮಪ್ಪ. ನಿಂಗಾಗ ಎರಡು ವರ್ಷ, ಇನ್ನೊಬ್ಬಳನ್ನ ಮನೇಗೆ ಕರ್ಕೊಂಡು ಬಂದ. ನಿನ್ನ ಸೊಂಟಕ್ಕೆ ಹಾಕ್ಕೊಂಡು ಈ ಗೌರಿಬಿದನೂರಿಗೆ ಬಂದೆ. ಗಂಡ ಬಿಟ್ಟೋಳು ಅಂದ್ರೆ ಒಬ್ರೂ ಮನೆ ಕೊಡ್ಲಿಲ್ಲ ಕಣೇ! ಎಷ್ಟು ಬಾಗ್ಲು ತಟ್ಟಿದೀನಿ! ಕೊನೇಗೆ ಬೀದಿ ನಲ್ಲೀಲಿ ಮುಖ ತೊಳ್ದು, ಕುಂಕುಮ ಒರೆಸ್ಕೊಂಡು, ತಾಳಿ ಬಿಚ್ಚಿ ಸೆರಗಿಗೆ ಗಂಟು ಹಾಕ್ಕೊಂಡು, ಗಂಡ ಸತ್ತೋದ ಅಂದೆ. ಅಯ್ಯೋ ಪಾಪ ಅಂತ ಮುನಿಶಾಮಮ್ಮ ತಕ್ಷಣ ಬೀಗದಕೈ ಕೊಟ್ಳು. ತಲೆ ಮೇಲೊಂದು ಸೂರಿಗೋಸ್ಕರ, ಒಂದೇ ಒಂದು ಸುಳ್ಳು...

ಆಮೇಲೆ ಅವನ ಮೇಲೆ ಕೇಸ್ ಹಾಕ್ದೆ, ಕೋರ್ಟು ನಿನ್ ಹೆಸರಿಗೆ ಜೀವನಾಂಶ ಕೊಡು ಅಂತು. ಕಳಿಸ್ದ. ತಪ್ಪಿಸ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ವಠಾರದೋರು ಯಾರ ದುಡ್ಡು ಅಂದ್ರು. ಪೆನ್ಷನ್ ಅಂದೆ. ಮಹಾಲಯ ಅಮಾವಾಸ್ಯೆ ಬಂತು, ಗಂಡನಿಗೆ ಎಡೆ ಇಡಲ್ವೇನೇ ಅಂದ್ರು. ಇಟ್ಟೆ! ಉಸಿರಾಡೋನಿಗೆ ಎಡೆ ಇಟ್ಟೆ! ನೀನು ಸ್ವಲ್ಪ ದೊಡ್ಡೋಳಾದ್ಮೇಲೆ ನೀನೇ ಎಲೆ ಹಿಡ್ಕೊಂಡು ಮಾಳಿಗೆ ಹತ್ತೋಳು. ಕಾಗೆ ಮುಟ್ಟದಿದ್ರೆ, ಅಪ್ಪಂಗೆ ನನ್ ಮೇಲೆ ಕೋಪಾನಾ ಅಮ್ಮಾ ಅಂತ ಅಳೋಳು. ನಾನು... ಹೂಂ, ಕೋಪ ಅಂತಿದ್ದೆ. ಇನ್ನೇನು ಹೇಳ್ಲಿ, ನೀನೇ ಹೇಳು!

ಥೂ ಅಂತಾದ್ರೂ ಅನ್ನು.

ಯಾಕೆ ನನ್ ಹಣೇನೇ ನೋಡ್ತಿದೀಯ? ಗುರುವಾರ ಹೋಗ್ತೀನಿ ಅಂದ್ನಲ್ಲ... ಮೂರು ದಿನದಿಂದ ಅದೇ ಯೋಚ್ನೆ ಕಣೇ ನಂಗೆ. ಕುಂಕುಮ ಇಟ್ಕೊಂಡು ಈ ವಠಾರದ ಬಾಗ್ಲು ದಾಟೋಕಾಗಲ್ಲ. ಬರೀ ಹಣೇಲಿ ಅವನ ಎದುರಿಗೆ ನಿಲ್ಲೋಕಾಗಲ್ಲ. ಯಾವ ಹಣೇಲಿ ಹೋಗ್ಲಿ, ಭಾನು?