ನನ್ನ ಸಾಕ್ಷಿ ಸಾವಿತ್ರಮ್ಮ ಮೇಡಂ

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ಶಿಕ್ಷಕಿ ಸಾವಿತ್ರಮ್ಮ ಮೇಡಂ ಅವರೇ, ಶಾಮಿಯಾನದಡಿ ಜಾಗ ಸಿಗದೆ ಬೇವಿನ ಮರದ ಕೆಳಗೆ ನಿಂತಿರುವವರೂ ಸೇರಿ ಎಲ್ಲ ಸಭಿಕರೇ,

ಪೋಷಕರ ಪರವಾಗಿ ಎರಡು ಮಾತಾಡಲು ನನ್ನನ್ನು ಕರೆದಿದ್ದಾರೆ. ನಾನು ಶಶಿಕಿರಣ್, ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಏಳನೇ ತರಗತಿಯ ಮಧುಶ್ರೀ ನನ್ನ ಮಗಳು. ಅವಳು ಇಲ್ಲೇ ಹಳೇಬೀಡಿನಲ್ಲಿ ತಾಯಿ ಪುಷ್ಪಲತಾ ಅವರ ಜೊತೆ ಇದ್ದಾಳೆ. ಭಾನುವಾರ ಮಾತ್ರ ನನ್ನ ಜೊತೆ. ಇದಕ್ಕೆ ಮೂಲ ಕಾರಣ ಯಾರು? ಹಾರ ಹಾಕಿಸಿಕೊಂಡು ಕೂತಿರುವ ಇವರೇ! ನಗಬೇಡಿ ಮೇಡಂ, ಇವತ್ತು ಹೇಳಿಯೇಬಿಡುತ್ತೇನೆ.

ಮೂರು ವರ್ಷದ ಹಿಂದೆ ನಾವು ಬೇರೆಯಾದಾಗ, ಮಗಳು ಯಾರ ಹತ್ತಿರ ಇರಬೇಕೆಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ನಾನು ಏನು ಕೊಂಡೊಯ್ದೆ? ತೆಂಗಿನ ತೋಟದ ಪಹಣಿ ಕೊಂಡೊಯ್ದೆ. ಎರಡಂತಸ್ತಿನ ಮನೆಯ ಫೋಟೊ ಕೊಂಡೊಯ್ದೆ. ವರ್ತಕರ ಸಂಘದಿಂದ ನಡತೆ ಪತ್ರ ಕೊಂಡೊಯ್ದೆ. ಜೊತೆಗೆ ಮೇಡಂ ಅವರನ್ನು ನನ್ನ ಪರ ಸಾಕ್ಷಿಯಾಗಿ ಕರೆಸಿದೆ. ಒಂದು ಮಾತು ಕೇಳಲಿಲ್ಲ, ನೇರ ಸಮನ್ಸ್! ಮುಖ್ಯ ಶಿಕ್ಷಕಿ ಅಂದಮೇಲೆ ಮಗುವಿನ ತಂದೆಯನ್ನು ಹೊಗಳದೆ ಇರುತ್ತಾರೆಯೇ ಎಂದುಕೊಂಡಿದ್ದೆ.

ನ್ಯಾಯಾಧೀಶರು ಪಹಣಿಯನ್ನು ಪಕ್ಕಕ್ಕಿಟ್ಟು, "ತಂದೆ ಶಾಲೆಗೆ ಬರ್ತಾರಾ?" ಎಂದು ಕೇಳಿದರು. ಮೇಡಂ ಪೋಷಕರ ಸಭೆಯ ಪುಸ್ತಕ ತೆರೆದರು. "ಒಂದ್ಸಲ ಬಂದಿದ್ರು ಸ್ವಾಮಿ. ಆದ್ರೆ ಐದನೇ ಕ್ಲಾಸಿನ ಸಭೇಲಿ ಕೂತಿದ್ರು. ಮಗು ನಾಲ್ಕನೇ ಕ್ಲಾಸು."

ಹೌದು ಸಭಿಕರೇ, ಒಂದು ಗಂಟೆ ಅಲ್ಲಿ ಕೂತು, ಗಣಿತ ಬೇಗ ಬೇಗ ಮಾಡುತ್ತಿದ್ದಾರೆಂದು ದೂರನ್ನೂ ಕೊಟ್ಟು ಬಂದಿದ್ದೆ! ನನ್ನ ವಕೀಲರೇ ನಕ್ಕುಬಿಟ್ಟರು.

ಮಗಳು ತಾಯಿಯ ಬಳಿಯೇ ಇರಲಿ ಎಂದು ತೀರ್ಪಾಯಿತು. ಮೇಡಂ ಮೇಲೆ ನನಗೆ ಕೆಂಡದಂಥ ಸಿಟ್ಟು. ಆದರೆ ಅಂದಿನಿಂದ ಒಂದು ಸಭೆಯನ್ನೂ ತಪ್ಪಿಸಿಲ್ಲ. ಜಡೆ ಹಾಕುವುದನ್ನೂ ಕಲಿತೆ. ಮೊದಲ ಜಡೆಯನ್ನು ಕನ್ನಡಿಯಲ್ಲಿ ನೋಡಿಕೊಂಡ ಮಗಳು, "ಅಪ್ಪ, ಟೋಪಿ ಇದ್ರೆ ಕೊಡು" ಎಂದಳು.

ಈ ವರ್ಷ ಮತ್ತೆ ಅರ್ಜಿ ಹಾಕಿದೆ. ಮಗಳು ದೊಡ್ಡವಳಾಗಿದ್ದಾಳೆ, ನ್ಯಾಯಾಧೀಶರು ಈ ಸಲ ಅವಳ ಇಷ್ಟವನ್ನೂ ಕೇಳುತ್ತಾರೆ ಎಂದರು ವಕೀಲರು. ಬರುವ ಗುರುವಾರ ವಿಚಾರಣೆ. ಹೋದ ವಾರ ಮೇಡಂ ಮನೆಗೆ ಹೋದೆ, ಈ ಬಾರಿ ಕೇಳಿಯೇ ಸಾಕ್ಷಿಗೆ ಕರೆಯೋಣವೆಂದು. ಕಾಫಿ ಕೊಟ್ಟರು.

"ಬತ್ತೀನಿ ಕಣಪ್ಪ. ನೀನು ಈಗ ಒಳ್ಳೇ ಅಪ್ಪ ಅಂತ್ಲೇ ಹೇಳ್ತೀನಿ. ಆದ್ರೆ ಅಪ್ಪ ಬೇಕೋ ಅಮ್ಮ ಬೇಕೋ ಅಂತ ಜಡ್ಜ್ ಮುಂದೆ ಹೇಳ್ಬೇಕಲ್ಲಾ ಅಂತ ಆ ಮಗು ತಿಂಗಳಿಂದ ಡಬ್ಬಿ ಊಟ ಹಂಗೇ ವಾಪಸ್ ತಗೊಂಡ್ ಹೋಗ್ತೈತೆ. ಅದನ್ನೂ ಹೇಳ್ತೀನಿ" ಎಂದರು.

ಅರ್ಧ ಕಾಫಿ ಬಿಟ್ಟು ಎದ್ದು ಬಂದೆ. ಭಾನುವಾರಗಳಲ್ಲಿ ನನ್ನೆದುರೇ ಅವಳು ತಟ್ಟೆಯಲ್ಲಿ ಊಟ ಬಿಟ್ಟು ಏಳುತ್ತಿದ್ದಳು, ಅಡುಗೆಯವರನ್ನು ಬೈದಿದ್ದೆ. ಎರಡು ದಿನ ಮೇಡಂ ಮೇಲೆ ಮತ್ತೆ ಸಿಟ್ಟಾಗಿದ್ದೆ, ಸುಳ್ಳೇಕೆ ಹೇಳಲಿ? ಇವನು ಯೋಗ್ಯ ತಂದೆ ಎಂದು ತೀರ್ಪಿನಲ್ಲಿ ಬರೆಸಿಕೊಳ್ಳುವ ಆಸೆ ನನಗೆ ಬಹಳ ಇತ್ತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಪುಷ್ಪಲತಾ ಅವರೇ, ಅರ್ಜಿ ವಾಪಸ್ ಪಡೆಯುವ ಕಾಗದಕ್ಕೆ ಬೆಳಿಗ್ಗೆಯೇ ಸಹಿ ಹಾಕಿ ವಕೀಲರಿಗೆ ಕೊಟ್ಟು ಬಂದಿದ್ದೇನೆ. ಮೇಡಂ, ನೀವು ನೂರು ವರ್ಷ ಆರೋಗ್ಯವಾಗಿರಿ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ.

ಮಧು, ಗುರುವಾರ ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ ಕಂದ. ಹಿಂದುಗಡೆ ಎಲೆ ಹಾಕುತ್ತಿದ್ದಾರೆ, ಅಮ್ಮನ ಪಕ್ಕ ಕೂತು ಹೊಟ್ಟೆ ತುಂಬಾ ಉಣ್ಣು. ಎಲ್ಲರಿಗೂ ನಮಸ್ಕಾರ.