ಇಂಜಿನಿಯರ್ ಇಳಿಯಲಾಗದ ಕಾರು

ಮುನ್ನೂರ ಹದಿನೇಳು ಸಹಿ, ನಗರಸಭೆಗೆ ಒಂಬತ್ತು ಸಲ ಓಡಾಟ, ಸವೆದುಹೋದ ಒಂದು ಜೊತೆ ಚಪ್ಪಲಿ. ನಗರಸಭೆ ಎದುರಿನ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು, ತಮ್ಮ ಬೀದಿಯ ಪಾರ್ಕ್ ಉಳಿಸಿದ ಖರ್ಚನ್ನು ಬೆರಳು ಮಡಚಿ ಎಣಿಸುತ್ತಿದ್ದಳು. ಕೊರಳಲ್ಲಿ ಟೈಲರ್ ಟೇಪು ಹಾಗೇ ನೇತಾಡುತ್ತಿತ್ತು. ಜೊತೆಗಿದ್ದವರು ಅವಳ ಮಾವ, ನಿವೃತ್ತ ಬಸ್ ಡ್ರೈವರ್.

"ಸಹಿಗೆಲ್ಲ ಅವರು ಬಗ್ಗಲಿಲ್ಲ ಮಾವ. ಬಗ್ಗಿಸಿದ್ದು ನಿಮ್ಮ ಸೀಮೆಸುಣ್ಣ."

"ನಗರಸಭೆಯವರ ನಕ್ಷೆ ನೋಡಿದ ಕೂಡಲೇ ಗೊತ್ತಾಯ್ತಮ್ಮ. ಪಾರ್ಕ್ ತೆಗೆದು ನಲವತ್ತು ಕಾರು ನಿಲ್ಲಿಸ್ತಾರಂತೆ. ಬಾಗಿಲು ತೆಗೆಯೋಕೆ ಜಾಗ ಬೇಡ್ವಾ?"

"ಅವರ ಅಳತೆಯಲ್ಲೇ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಮಧ್ಯೆ ಒಂದು ಜಾಗ ಬಿಟ್ಟು ಬೀದಿಯವರ ಎರಡು ಕಾರು ನಿಲ್ಲಿಸಿದ್ವಿ. ಒಂದಿಂಚೂ ಮೋಸ ಮಾಡಲಿಲ್ಲ ನಾನು."

"ಇಂಜಿನಿಯರ್ ಸಾಹೇಬ್ರು ಜಂಬದಿಂದ ಬಂದು ಆ ಎರಡು ಕಾರಿನ ಮಧ್ಯೆ ಗಾಡಿ ನಿಲ್ಲಿಸಿದ್ರು ನೋಡು."

"ಇಳಿಯೋಕಾಗದೆ ಹಾರ್ನ್ ಹೊಡೆದ್ರಲ್ಲ, ಪಾಪ."

"ಕಿಟಕಿಯಿಂದ ಬನ್ನಿ ಅಂದ್ಯಲ್ಲ, ನಗರಸಭೆ ಅಧ್ಯಕ್ಷರ ಎದುರಿಗೇ. ನಿನ್ನ ಬಾಯಿಗೆ ಬೀಗ ಇಲ್ಲ ಕಣೆ."

"ಬರ್ತಿದ್ರು ಮಾವ, ಹೊಟ್ಟೆ ಬಿಡಲಿಲ್ಲ. ಅಳತೆ ತಗೊಳ್ಳಲಾ ಅಂತ ಕೇಳ್ದೆ."

ಮಾವ ಕೆಮ್ಮು ಬರುವವರೆಗೆ ನಕ್ಕರು.

"ಅಧ್ಯಕ್ಷರೂ ನಕ್ಕುಬಿಟ್ರು. ಅಲ್ಲಿಗೆ ಆ ನಕ್ಷೆ ಮುಗೀತು."

"ಮೊದಲು ಅತ್ತೆಗೆ ಹೇಳ್ಬೇಕು. ಕಾಲು ಮುರಿದ ಮೇಲೆ ಅವರು ಧೈರ್ಯವಾಗಿ ನಡೆಯೋದು ಆ ಪಾರ್ಕಲ್ಲಿ ಮಾತ್ರ."

"ನಾನು ಹೇಳ್ತೀನಿ. ನಲವತ್ತು ವರ್ಷದಲ್ಲಿ ಅವಳು ನನ್ನನ್ನ ಹೊಗಳಿದ್ದಿಲ್ಲ, ಇವತ್ತಾದ್ರೂ ಹೊಗಳಲಿ."

ಬಸ್ ಬಂತು. ನಗರಸಭೆಯ ಆದೇಶದ ಪ್ರತಿಯನ್ನು ಮಡಚದೆ ಎದೆಗೊತ್ತಿಕೊಂಡು ಅವಳು ಹತ್ತಿದಳು, ಹಿಂದೆ ಮಾವ. ಆ ಆದೇಶದಲ್ಲಿ ಕಾರುಗಳಿಗೆ ರಸ್ತೆಯ ಒಂದು ಬದಿ ಸಿಕ್ಕಿತ್ತು. ಪಾರ್ಕ್ ಪಾರ್ಕಾಗಿಯೇ ಉಳಿದಿತ್ತು.