ದೇವರ ಗೂಡಿಗೇರಿದ ಹಾಳೆ

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ದಿನಾ ಹತ್ತು ಎಲೆ ಬೀಳುವ ಮನೆ. ಆದರೆ ನೋಡಿ, ಆತನಿಗೇ ಉಂಡದ್ದು ದಕ್ಕುತ್ತಿರಲಿಲ್ಲ. ದೊಡ್ಡ ಕರುಳಿನ ತುಂಬ ಹುಣ್ಣು. ದಿನಕ್ಕೆ ಹನ್ನೆರಡು ಸಲ ಓಟ, ಹೊಟ್ಟೆ ಹಿಂಡುವ ನೋವು, ಜೊತೆಗೆ ರಕ್ತ. ಮೂರು ವಾರ ಆಸ್ಪತ್ರೆಯಲ್ಲಿ ಮಲಗಿ ಎದ್ದ. "ಇನ್ನೊಮ್ಮೆ ಹೀಗೆ ಕೆರಳಿದರೆ ಕರುಳನ್ನೇ ತೆಗೆಯಬೇಕಾದೀತು" ಎಂದರು ಡಾಕ್ಟರು.

ಅಲ್ಲೊಬ್ಬ ನರ್ಸಮ್ಮ. ಮನೆಗೆ ಕಳಿಸುವ ಮೊದಲು ಪಕ್ಕದಲ್ಲಿ ಕೂತು ಕೇಳಿದಳು: ಏನು ತಿಂದರೆ ಕೆರಳುತ್ತದೆ, ನಿದ್ದೆ ಬರುತ್ತದೋ, ಯಾರಿಗೆ ಹೇಳಲು ನಾಚಿಕೆ? ಎಲ್ಲ ಕೇಳಿ, ಆತನಿಗೆಂದೇ ಒಂದು ಹಾಳೆ ಬರೆದಳು. ಸ್ವಲ್ಪ ಸ್ವಲ್ಪವೇ ಮೆತ್ತಗಿನ ಊಟ. ಖಾರ, ಕರಿದದ್ದು ಸದ್ಯಕ್ಕೆ ಬೇಡ. ಎಷ್ಟು ಸಲ ಹೋದಿರಿ, ಬರೆದಿಡಿ. ಹುಷಾರಾದೆ ಅಂತ ಮಾತ್ರೆ ನಿಲ್ಲಿಸಬೇಡಿ. ಕೊನೆಗೆ ಇನ್ನೊಂದು ಸಾಲು, ಒಂದು ಫೋನ್ ನಂಬರು.

ಸಾಹುಕಾರನ ಹೆಂಡತಿ ದೈವಭಕ್ತೆ. "ರೀ, ನಿಮ್ಮ ಪ್ರಾಣ ಉಳಿಸೋ ಕಾಗದ ಇದು. ಎಲ್ಲೆಂದರಲ್ಲಿ ಇಡಬಾರದು" ಎಂದಳು. ಗಾಜು ಹಾಕಿಸಿದಳು. ದೇವರ ಗೂಡಿನಲ್ಲಿಟ್ಟಳು. ದಿನಾ ಗಂಧ, ದಿನಾ ಕುಂಕುಮ, ದಿನಾ ಒಂದು ದಾಸವಾಳ. ಓದಿದರೇ? ಓದುವುದೇಕೆ, ಮನೆಯಲ್ಲೇ ಇದೆಯಲ್ಲ!

ಎರಡು ತಿಂಗಳು ಸುಖ. ಬಾಮೈದ ಬಂದ. "ಭಾವ, ಕಲ್ಲುಗುಂಡಿನ ಹಾಗಿದೀರಿ! ಇನ್ನೂ ಮಾತ್ರೆ ನುಂಗ್ತೀರಾ? ತಗೊಳ್ಳಿ, ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ." ಸಾಹುಕಾರ ಹಾಳೆಗೆ ಕೈಮುಗಿದು ನಾಲ್ಕು ತಿಂದ. ಮಾತ್ರೆಯನ್ನೂ ಬಿಟ್ಟ.

ರಕ್ತ ಮತ್ತೆ ಕಂಡಿತು. ಯಾರಿಗೆ ಹೇಳುವುದು? ಇಡೀ ಊರಿಗೆ ಬುದ್ಧಿ ಹೇಳುವ ಬಾಯಿಗೆ ಇದೊಂದು ಮಾತು ಬರಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡ, ಸದ್ದು ಹೊರಗೆ ಕೇಳಿಸದಿರಲೆಂದು ನಲ್ಲಿ ಬಿಟ್ಟುಕೊಂಡ.

ಹೇಗಿದ್ದಾರೋ ನೋಡೋಣ ಅಂತ ನರ್ಸಮ್ಮನೇ ಮನೆಗೆ ಬಂದಳು. "ಹಾಳೆ ಎಲ್ಲಮ್ಮಾ?"

"ಅಯ್ಯೋ ಸಿಸ್ಟರ್, ಅದಕ್ಕೊಂದು ಚೂರೂ ಮುಕ್ಕಾಗಿಲ್ಲ. ಬನ್ನಿ, ನೋಡಿ!"

ನರ್ಸಮ್ಮ ನೋಡಿದಳು. ಗಾಜಿನ ಕೆಳತುದಿಯಲ್ಲಿ, ಕೊನೆಯ ಸಾಲಿನ ಮೇಲೆಯೇ, ಕುಂಕುಮ ಬೆರಳು ದಪ್ಪ ಮೆತ್ತಿತ್ತು. ಸೆರಗಿನ ತುದಿಯಿಂದ ಒರೆಸಿ, "ಈಗ ಓದಿ" ಎಂದಳು. ಹೆಂಡತಿ ಮೊದಲ ಸಲ ಓದಿದಳು: "ರಕ್ತ ಕಂಡ ದಿನವೇ ಫೋನ್ ಮಾಡಿ."

ನರ್ಸಮ್ಮ ಒಳಗಿನ ಕೋಣೆಗೆ ಹೋದಳು. "ಎಷ್ಟು ದಿನ ಆಯ್ತು, ಯಜಮಾನರೇ?"

ಸಾಹುಕಾರ ತಲೆ ಎತ್ತಲಿಲ್ಲ. ಒಂಬತ್ತು ಬೆರಳು ಎತ್ತಿದ.

ಬದುಕಿದ, ಹೆದರಬೇಡಿ. ದೊಡ್ಡ ಕರುಳನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದ, ಅಷ್ಟೇ. ಗಾಜಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ನಗ್ತೀರಿ. ನಗಿ, ನಗಿ. ತಾಯಂದಿರೇ, ನಿಮ್ಮ ಮನೆಯ ಡಾಕ್ಟರ ಚೀಟಿ ಎಲ್ಲಿದೆ? ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿಲ್ಲವೇ? ಅಪ್ಪಂದಿರೇ, ಮನೆಯಲ್ಲಿ ಯಾರೋ ಬಚ್ಚಲಿನಲ್ಲಿ ಹೊತ್ತು ಮಾಡಿದರೆ ಬಾಗಿಲು ಬಡಿದು "ಒಳಗೇ ಸಂಸಾರ ಹೂಡಿದ್ಯಾ?" ಅನ್ನುವವರು ನೀವೇ ಅಲ್ಲವೇ? ಮತ್ತೆ ಅವರು ಯಾವ ಬಾಯಲ್ಲಿ ಹೇಳಿಕೊಂಡಾರು? ನಾಳೆಯಿಂದ ಆ ತಮಾಷೆ ಬಿಡಿ. ಹೊರಗೆ ಬಂದ ಮೇಲೆ, ಮೂಗು ಮುಚ್ಚಿಕೊಳ್ಳದೆ, "ನೋವಿದೆಯಾ?" ಎಂದು ಕೇಳಿ. ಹುಷಾರಿಲ್ಲದವರ ತಟ್ಟೆಗೆ ಪ್ರೀತಿ ಅಂತ ಬಜ್ಜಿ ಬಡಿಸಬೇಡಿ.

ದೀಪ ಹಚ್ಚಬೇಡಿ ಎಂದು ನಾನು ಹೇಳುತ್ತಿಲ್ಲ. ಹಚ್ಚಿ. ಹಚ್ಚಿದ ಮೇಲೆ ಕನ್ನಡಕ ಹಾಕಿಕೊಂಡು, ಅದೇ ಬೆಳಕಿನಲ್ಲಿ ಆ ಚೀಟಿ ಓದಿ.